ಸಿಲೋನಿನ ಪರ್ಮಿಟ್ಟು

ಐವತ್ತರ ದಶಕದಲ್ಲಿ ನಾವು ರಾಜಾಜಿನಗರದ ಕಾರ್ಮಿಕರ ಮನೆಯೊಂದರಲ್ಲಿದ್ದೆವು. ನಾನು ಟೈಪಿಂಗ್ ಪಾಸು ಮಾಡಿದ್ದರಿಂದ ಬೀದಿಯವರೆಲ್ಲ ಅರ್ಜಿ ಬರೆಸಲು ನನ್ನ ಹತ್ತಿರ ಬರುತ್ತಿದ್ದರು. ಪಕ್ಕದ ಮನೆಯ ಅಕ್ಕ ತನ್ನ ತಮ್ಮನನ್ನು ಕರೆತಂದದ್ದೂ ಅದಕ್ಕೇ.

ಅವರು ಸೇಲಂ ಕಡೆಯವರು. ಅಕ್ಕನ ಈ ತಮ್ಮ ಸಿಲೋನಿನ ಟೀ ತೋಟದಲ್ಲಿ ಹನ್ನೆರಡು ವರ್ಷ ದುಡಿದವನು. ಹೆಂಡತಿ ಅಲ್ಲೇ ಹುಟ್ಟಿದವಳು, ಮಗಳೂ ಅಲ್ಲೇ. ತಾಯಿಗೆ ಹುಷಾರಿಲ್ಲವೆಂದು ಪರ್ಮಿಟ್ಟು ಪಡೆದು, ಅವರಿಬ್ಬರನ್ನೂ ಅಲ್ಲೇ ಬಿಟ್ಟು ಊರಿಗೆ ಬಂದ. ತಾಯಿಯ ಕರ್ಮ ಮುಗಿಸುವಷ್ಟರಲ್ಲಿ ಟೈಫಾಯ್ಡ್ ಬಂದು ಮಲಗಿದ. ಎದ್ದು ಓಡಾಡುವ ಹೊತ್ತಿಗೆ ವಾಪಸು ಹೋಗುವ ಗಡುವು ದಾಟಿತ್ತು.

ನಾಲ್ಕು ಅರ್ಜಿ ಟೈಪ್ ಮಾಡಿಕೊಟ್ಟೆ. ಸಿಲೋನಿನವರು ‘ನಮ್ಮ ಪ್ರಜೆಯಲ್ಲ’ ಎಂದರು. ನಮ್ಮವರು ‘ಅಲ್ಲಿಂದ ಒಪ್ಪಿಗೆ ಬರಲಿ, ಆಮೇಲೆ ನೋಡೋಣ’ ಎಂದರು. ಕಾಮಾಕ್ಷಿಪಾಳ್ಯದ ಹತ್ತಿರ ಮಗ್ಗದ ಕೂಲಿಗೆ ಸೇರಿದ್ದವನು ಒಂದು ದಿನ ಹೇಳದೆ ಹೊರಟುಹೋದ. ರಾಮೇಶ್ವರದ ಕಡೆ ಕಳ್ಳದೋಣಿ ಹತ್ತಿದ್ದ. ಆಚೆ ದಡದಲ್ಲೇ ಹಿಡಿದು, ಮೂರು ತಿಂಗಳು ಜೈಲಿನಲ್ಲಿಟ್ಟು, ಹೆಂಡತಿ ಮಗಳ ಮುಖ ನೋಡಲೂ ಬಿಡದೆ ವಾಪಸು ಅಟ್ಟಿದರು.

ಐದನೇ ಅರ್ಜಿ ಹಿಡಿದು ಪರ್ಮಿಟ್ಟಿನ ಕಚೇರಿಗೆ ನಾನೇ ಅವನ ಜೊತೆ ಹೋದೆ. ಸಾಹೇಬರು ಫೈಲು ತಿರುವಿ, “ಇವನು ಕದ್ದು ಹೋದವನು. ಇಂಥೋರಿಗೆ ಕೊಡಕ್ಕಾಗಲ್ಲ” ಎಂದರು.

“ನೆಟ್ಟಗೆ ಹೋಗೋಕೆ ಬಿಟ್ಟಿದ್ರೆ ಯಾಕೆ ಸಾರ್ ಕದ್ದು ಹೋಗ್ತಿದ್ರು? ಹೆಂಡ್ತಿ ಮಗು ಹತ್ರ ಹೋಗೋದೂ ಕಳ್ಳತನಾನಾ?” ಎಂದೆ ನಾನು.

“ಕಾನೂನು ನಾನು ಮಾಡಿದ್ದಲ್ಲಮ್ಮ. ಇವನು ನಿಮಗೇನಾಗಬೇಕು?”

ನನ್ನ ಮೈ ಉರಿದುಹೋಯಿತು. ಅವನು ಮಾತ್ರ ಬಾಗಿ ಕೈ ಮುಗಿದ. ಮೆಟ್ಟಿಲಿಳಿಯುವಾಗ ಅವನಿಗೂ ಬೈದೆ: “ಅವರಿಗ್ಯಾಕಣ್ಣ ಕೈ ಮುಗಿದ್ರಿ?”

“ಮತ್ತೆ ಇಲ್ಲಿಗೇ ಬರಬೇಕಲ್ಲಮ್ಮ” ಎಂದ.

ಬರಲಿಲ್ಲ. ಎರಡನೇ ಸಲ ದೋಣಿ ಹತ್ತಿದ್ದು, ಅವನ ಹೆಂಡತಿಯಿಂದ ‘ಹೊರಟೆ ಎಂದು ಬರೆದವರು ಇನ್ನೂ ಬಂದಿಲ್ಲ’ ಎಂಬ ಕಾಗದ ಬಂದಾಗಲೇ ನಮಗೆ ಗೊತ್ತಾದದ್ದು. ಎರಡೂ ಸರ್ಕಾರಗಳಿಗೆ ಬರೆದೆ. ಅವನು ಬಂದ ದಾಖಲೆಯಿಲ್ಲ ಎಂದರು ಅಲ್ಲಿಯವರು. ಹೋದ ದಾಖಲೆಯಿಲ್ಲ ಎಂದರು ನಮ್ಮವರು. ಓದಿ ಹೇಳಿದಾಗ ಅಕ್ಕ, “ಹಂಗಾದ್ರೆ ನನ್ ತಮ್ಮ ಎಲ್ಲಿದಾನೆ?” ಎಂದಳು.

ಬದುಕಿದ್ದವನನ್ನು ಹಿಡಿಯಲು ಕಡಲಲ್ಲಿ ಗಸ್ತಿನ ಲಾಂಚು ಓಡಾಡುತ್ತಿತ್ತು. ಕಾಣೆಯಾದವನನ್ನು ಹುಡುಕಲು ಒಂದು ತೆಪ್ಪವನ್ನೂ ಬಿಡಲಿಲ್ಲ. ಹಾಗೆಂದೇ ಟೈಪ್ ಮಾಡಿ ಇಬ್ಬರಿಗೂ ಕಳಿಸಿದೆ. ಕೆಲಸ ಸಿಗಬೇಕಾದ ಹುಡುಗಿ ನೀನು, ಸರ್ಕಾರಕ್ಕೆ ಹೀಗೆಲ್ಲ ಬರೀತಾರೇನೇ ಎಂದು ಅಪ್ಪ ಕೂಗಾಡಿದರು. ಉತ್ತರ ಯಾರಿಂದಲೂ ಬರಲಿಲ್ಲ.