ಮೂರು ದಿನ ಬಾರದ ಬೇರಿಂಗು

ಮೊನ್ನೆ ಮಧ್ಯಾಹ್ನ ಮೊಳಕಾಲ್ಮುರಿನ ನಮ್ಮ ಬೀದಿಯ ಏರನ್ನು ಯಾರದೋ ಜೀಪು ಏದುಸಿರು ಬಿಡುತ್ತ ಹತ್ತಿತು. ಅದರ ಹಿಂದೆಯೇ ಒಂದು ಕಮಟು ವಾಸನೆ ಮನೆಯೊಳಗೆ ಬಂತು. ಮಗ್ಗದಲ್ಲಿ ಕುಳಿತಿದ್ದ ನಾನು ಲಾಳಿ ನಿಲ್ಲಿಸಿ, ಕ್ಲಚ್ ಪ್ಲೇಟು ಸುಡುತ್ತಿದೆ ಎಂದೆ. ರೇಷ್ಮೆ ಸೀರೆ ನೇಯುವವಳಿಗೆ ಈ ವಿದ್ಯೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನನ್ನ ಗಂಡ ಕೇಳಲಿಲ್ಲ. ನಾನು ಚಳ್ಳಕೆರೆಯ ಮೆಕ್ಯಾನಿಕ್ಕಿನ ತಂಗಿ ಎಂಬುದು ಅವರಿಗೆ ಗೊತ್ತು.

ಅಣ್ಣನ ಗ್ಯಾರೇಜೆಂದರೆ ಮನೆ ಮುಂದಿನ ಬೇವಿನ ಮರ ಮತ್ತು ಅದಕ್ಕೆ ಒರಗಿಸಿದ ನಾಲ್ಕು ತಗಡು. ಪರಶುರಾಂಪುರದ ಕಡೆಯ ಟ್ರ್ಯಾಕ್ಟರುಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಅವನದೇ ಒಂದು ಹಳೆಯ ಫೋರ್ ವೀಲ್ ಜೀಪಿತ್ತು. ಮಳೆ ಬಿದ್ದ ಎರೆಹೊಲದಿಂದ ಈರುಳ್ಳಿ ಚೀಲ ಹೊರಗೆ ತರಲು ವರ್ಷಕ್ಕೆ ಎರಡು ವಾರ ಅದು ಬೇಕಾಗುತ್ತಿತ್ತು. ಉಳಿದ ಐವತ್ತು ವಾರ ಅವನು ಅದನ್ನು ಹೊಗಳುತ್ತಿದ್ದ. ನಾಲ್ಕೂ ಚಕ್ರ ಎಳೆಯುತ್ತವೆ ಎಂದು ಅವನು ಶುರು ಮಾಡಿದರೆ, ನಾಲ್ಕೂ ಚಕ್ರ ತಿನ್ನುತ್ತವೆ ಎಂದು ಅತ್ತಿಗೆ ಅಡುಗೆಮನೆಯಿಂದಲೇ ಮುಗಿಸುತ್ತಿದ್ದಳು. ಗಾಡಿಗಳ ವಿಷಯ ಬಿಟ್ಟರೆ ಅಣ್ಣ ಮಾತಿಗೆ ಬಲು ಜಿಪುಣ. ನಾನು ಊರಿಗೆ ಹೋದರೆ 'ಬಂದ್ಯಾ', ಹೊರಟರೆ 'ಹುಷಾರು', ಅಷ್ಟೇ.

ಬಹಳ ಹಿಂದೆ ಒಂದು ಸಲ ನಾನು ಊರಿಗೆ ಹೋದದ್ದು ಮೂರು ವರ್ಷದ ಮೇಲೆ, ಅದೂ ನಾಲ್ಕೇ ದಿನಕ್ಕೆ. ಮಗ್ಗದ ಮೇಲೆ ಮದುವೆಯ ಸೀರೆಯೊಂದು ಅರ್ಧಕ್ಕೆ ನಿಂತಿತ್ತು. ನಾನಿಲ್ಲದಿದ್ದರೆ ಮೊಳಕಾಲ್ಮುರಿನ ಮಗ್ಗಗಳೆಲ್ಲ ನಿಂತುಹೋಗುತ್ತವೆ ಎಂದು ಆಗ ನಾನು ನಂಬಿದ್ದೆ. ಹೊರಡುವ ದಿನ ಅತ್ತಿಗೆ ಮಡಿಲಕ್ಕಿ ಕಟ್ಟಿದಳು, ಅಣ್ಣ ಜೀಪು ತೆಗೆದ. ಅದು ಬೇವಿನ ಮರವನ್ನೂ ದಾಟಲಿಲ್ಲ. ಕ್ಲಚ್ ಹೋಗಿತ್ತು.

ಬಸ್ಸಿಗೆ ಹೋಗುತ್ತೇನೆ ಎಂದೆ. ಅವನು ಒಪ್ಪಲಿಲ್ಲ.

"ಮಡ್ಲು ತುಂಬಿಸ್ಕಂಡ ಹೆಣ್ಮಗಳನ್ನ ಬಸ್ ಸ್ಟ್ಯಾಂಡ್‌ನಾಗೆ ನಿಲ್ಸಾಕಾಗ್ತೈತೇನವ್ವ? ಒಂದಿನ ತಡಿ."

ಫೋರ್ ವೀಲ್ ಜೀಪಿನ ಕ್ಲಚ್ ಬದಲಿಸುವುದು ಸಣ್ಣ ಕೆಲಸವಲ್ಲ. ಮುಂದಿನ ಚಕ್ರಗಳಿಗೂ ಓಟ ಹಂಚುವ ಭಾರದ ಪೆಟ್ಟಿಗೆಯೊಂದು ಗೇರ್ ಬಾಕ್ಸಿಗೆ ಅಂಟಿಕೊಂಡಿರುತ್ತದೆ. ಎರಡನ್ನೂ ಇಳಿಸಿದ ಮೇಲೆ ಕ್ಲಚ್ಚು ಸಿಗುತ್ತದೆ. ಅಣ್ಣ ಇಷ್ಟನ್ನೂ ಆವತ್ತೇ ಮುಗಿಸಿದ. ಉಳಿದದ್ದು ಎಂಜಿನ್ನಿನ ತುದಿಯ ಕುಳಿಯಲ್ಲಿ ಕೂತಿದ್ದ, ನಾಲ್ಕಾಣೆಯಷ್ಟಗಲದ ಒಂದು ಸವೆದ ಬೇರಿಂಗು; ಅದನ್ನು ಕಿತ್ತು ಹೊಸದು ಹಾಕಬೇಕಿತ್ತು. ಹಿಂದೆ ದಾರಿಯಿಲ್ಲ, ಮುಂದೆ ಹಿಡಿಯಲು ಅಂಚಿಲ್ಲ. ಅದು ಹೊರಗೆ ಬರಲಿಲ್ಲ.

ಮರುದಿನವೂ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಅಣ್ಣ ಬಗ್ಗಿಸಿದ ಕೊಕ್ಕೆಯಿಂದ ಸ್ವಲ್ಪ ಕೆದಕುತ್ತಿದ್ದ. ಆಮೇಲೆ ಸೀಮೆಎಣ್ಣೆಯಲ್ಲಿ ಕೈ ತೊಳೆದು, ಟೀ ಹಿಡಿದು ನನ್ನ ಪಕ್ಕ ಬಂದು ಕೂರುತ್ತಿದ್ದ. ಕೂತು ಮಾತಾಡುತ್ತಿದ್ದ. ಅವ್ವ ಶೇಂಗಾ ಬಿಡಿಸುತ್ತ ನಮ್ಮಿಬ್ಬರಿಗೆ ಕಾಳು ಸಮ ಹಂಚಿದ್ದು, ನನ್ನ ಮದುವೆಯ ದಿನ ತಾನು ಲಾರಿಯ ಕೆಳಗೆ ಮಲಗಿ ಅತ್ತದ್ದು, ಎಲ್ಲ ಹೇಳಿದ. ಅವನು ಅತ್ತದ್ದು ನನಗೆ ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೂ ನಾನೇನು ಮಾಡಿದೆ? ಹ್ಞೂಂಗುಟ್ಟುತ್ತ, ಸೀರೆ ಇನ್ನೆಷ್ಟು ಮೊಳ ಉಳಿದಿದೆ ಎಂದು ಬೆರಳು ಮಡಚುತ್ತಿದ್ದೆ. ಆ ಬೆರಳುಗಳನ್ನು ಈಗ ನೋಡಿದರೆ ನನಗೇ ಸಿಟ್ಟು ಬರುತ್ತದೆ.

ಮೂರನೆಯ ದಿನ ತಾಳ್ಮೆ ಕೆಟ್ಟು ಪಕ್ಕದ ಲೇತ್ ಅಂಗಡಿಯ ಬಾಬುಸಾಬರ ಹತ್ತಿರ ಹೋದೆ. ಅವರು ಕನ್ನಡಕ ಹಣೆಗೇರಿಸಿ ನಕ್ಕರು.

"ತಂಗ್ಳು ಮುದ್ದೆ ತುಂಬಿ, ಬಿಗಿಯಾಗಿ ಕೂರೋ ಸರಳಿಟ್ಟು ಹೊಡೀರಿ ಬೆಹೆನ್, ತಾನೇ ಬರ್ತೈತೆ. ನಿಮ್ಮಣ್ಣಾನೇ ನನಗೆ ಕಲಿಸಿದ್ದು."

ನಾನು ಕೇಳಿಸಿಕೊಂಡದ್ದು ಮುದ್ದೆಯ ಮಾತು ಮಾತ್ರ. ಓಡಿಬಂದು ಅತ್ತಿಗೆ ಮುಚ್ಚಿಟ್ಟಿದ್ದ ರಾಗಿಮುದ್ದೆಯನ್ನೇ ಎತ್ತಿಕೊಂಡೆ. ತಿನ್ನುವ ಅನ್ನಕ್ಕೆ ಸುತ್ತಿಗೆಯೇಟು ಹಾಕುತ್ತೀರಾ ಎಂದು ಅವಳು ಮುಖ ಸಿಂಡರಿಸಿದಳು. ಅಣ್ಣ ಮುದ್ದೆಯನ್ನು ನೋಡಿದ, ನನ್ನನ್ನು ನೋಡಿದ. ಯಾರು ಹೇಳಿದ್ದು ಎಂದು ಕೇಳಿದ. ಬಾಬುಸಾಬರು ಎಂದೆ. ಮುದ್ದೆಗೆ ಕೈಮುಗಿದು, ಚಿವುಟಿ ಚಿವುಟಿ ಬೇರಿಂಗಿನ ತೂತಿನೊಳಗೆ ತುಂಬತೊಡಗಿದ. ತುಂಬಿದ ಮೇಲೆ ಸರಳಿಟ್ಟು ಹೊಡೆದ. ಹಿಂದೆ ಹೋಗಲು ಜಾಗವಿಲ್ಲದ ಮುದ್ದೆ ಬೇರಿಂಗನ್ನೇ ಮುಂದಕ್ಕೆ ದಬ್ಬಿತು. ಇನ್ನಷ್ಟು ತುಂಬಿದ, ಮತ್ತೆ ಹೊಡೆದ. ಹತ್ತು ಏಟಿಗೆ ಅದು ಹೊರಗಿತ್ತು. ನಾನು ಚಪ್ಪಾಳೆ ತಟ್ಟಿದೆ. ಅಣ್ಣ ಅದನ್ನು ಒರೆಸಿ ಅಂಗೈಯಲ್ಲಿಟ್ಟುಕೊಂಡ.

"ಬಂತು ನೋಡವ್ವ. ಹೋಗ್ತೀಯಾ ಹಂಗಾರೆ?"

ಬೆಳಿಗ್ಗೆ ಬೇಗ ಹೊರಡೋಣ ಎಂದೆ.

ದಾರಿಯುದ್ದಕ್ಕೂ ಅವನು ಹಳೆಯ ಅಣ್ಣನೇ ಆಗಿದ್ದ. ನಮ್ಮ ಬಾಗಿಲಲ್ಲಿ ಇಳಿಸಿ 'ಹುಷಾರು' ಎಂದ. ಆರು ತಿಂಗಳಿಗೆ ಎದೆನೋವೆಂದು ಮಲಗಿದವನು ಏಳಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ಬಾಬುಸಾಬರು ಬೇವಿನ ಮರದ ಕೆಳಗೆ ಒಬ್ಬರೇ ಕೂತಿದ್ದರು. ಅವರನ್ನು ಕಂಡಾಗಲೇ ಅವರ ಮಾತಿನ ಉಳಿದರ್ಧ ನನ್ನ ಕಿವಿಗೆ ಬಿದ್ದದ್ದು. ಅಣ್ಣನಿಗೆ ಆ ಉಪಾಯ ಮೊದಲ ದಿನವೇ ಗೊತ್ತಿತ್ತು. ಇನ್ನೆರಡು ದಿನ ಇರು ಎಂದು ಬಾಯಿಬಿಟ್ಟು ಕೇಳಲು ಬಾರದವನು ಬೇರಿಂಗಿನ ಕೈಯಲ್ಲಿ ಹೇಳಿಸಿದ್ದ. ಆ ದಿನಗಳನ್ನು ನಾನೇ ಮುದ್ದೆ ತಂದುಕೊಟ್ಟು ಮುಗಿಸಿದ್ದೆ. ಅವನು ಬೇಕು ಅನ್ನಿಸುತ್ತದೆ. ಈ ವಯಸ್ಸಿನಲ್ಲೂ, ಮಗ್ಗದ ಮುಂದೆ ಕೂತಲ್ಲೇ, ಸುಮ್ಮಸುಮ್ಮನೆ ಅಣ್ಣ ಬೇಕು ಅನ್ನಿಸುತ್ತದೆ.

ಅವನು ಹೋದ ಮೇಲೆ ಚಳ್ಳಕೆರೆಗೆ ಹೋದರೂ ನಾನು ರಾತ್ರಿ ಉಳಿದವಳಲ್ಲ. ಬೆಳಗಿನ ಬಸ್ಸಿಗೆ ಹೋಗಿ, ಆ ಖಾಲಿ ತಗಡುಗಳನ್ನು ನೋಡಲಾರದೆ ಸಂಜೆಯ ಬಸ್ಸಿಗೆ ಬಂದುಬಿಡುತ್ತಿದ್ದೆ. ಮೊನ್ನೆ ಆ ಜೀಪು ಏರು ದಾಟಿದ ಮೇಲೆ ಅತ್ತಿಗೆಗೆ ಫೋನು ಮಾಡಿ, ನಾಳೆ ಬರುತ್ತೇನೆ ಎಂದೆ. ಸಂಜೆ ಯಾವ ಬಸ್ಸಿಗೆ ವಾಪಸ್ಸು ಎಂದು ಅವಳು ರೂಢಿಯಂತೆ ಕೇಳಿದಳು.

"ನೀನು ಹೋಗು ಅನ್ನೋವರ್ಗೂ ಇರ್ತೀನಿ ಅತ್ತಿಗೆ," ಎಂದೆ.



"ಹಂಗಾರೆ," ಎಂದಳು ಅತ್ತಿಗೆ, "ಉಡಾಕೆ ಸೀರೆ ಜಾಸ್ತಿ ತಗಂಡ್ ಬಾ."