ಬ್ರೇಕಿನ ಮೇಲೆ ಬಿದ್ದ ಹಲಸಿನ ಹಣ್ಣು

ಸರಕಾರದ ಲೆಕ್ಕದಲ್ಲಿ ನಾನು ಬಂಟ್ವಾಳ ತಾಲೂಕಿನ ಅಪಾಯಕಾರಿ ಚಾಲಕರಲ್ಲಿ ಒಬ್ಬ. ನಾರಾವಿಯ ತಿರುವಿನಲ್ಲಿ ಗೂಡ್ಸ್ ರಿಕ್ಷಾಕ್ಕೆ ಗುದ್ದಿದ್ದೇನೆ. ಚಾರ್ಮಾಡಿಯಲ್ಲಿ ಘಾಟಿ ಇಳಿದು ಬರುವಾಗ ಬೈಕಿನವನೊಬ್ಬನನ್ನು ಚರಂಡಿಗೆ ಬೀಳಿಸಿದ್ದೇನೆ. ಫರಂಗಿಪೇಟೆಯಲ್ಲಿ ಹೆದ್ದಾರಿ ದಾಟುತ್ತಿದ್ದವರೊಬ್ಬರ ಕೈ ಮುರಿದಿದ್ದೇನೆ. ಇವೆಲ್ಲ ನಡೆದಾಗ ನಾನು ಆ ಜಾಗಗಳಲ್ಲಿ ಇರಲಿಲ್ಲ. ಚಾರ್ಮಾಡಿಯ ಅಪಘಾತದ ಹೊತ್ತಿಗಂತೂ ಮೂಡುಬಿದಿರೆಯ ಒಂದು ಮದುವೆ ಊಟದಲ್ಲಿ ಎಲೆಯ ಮುಂದೆ ಕೂತು ಪಾಯಸಕ್ಕೆ ಕಾಯುತ್ತಿದ್ದೆ.

ನಮ್ಮ ಕಡೆ ಇದಕ್ಕೆ ‘ಹೆಸರು ಕೊಡುವುದು’ ಎನ್ನುತ್ತಾರೆ. ಗಲ್ಫಿನಿಂದ ರಜೆಯಲ್ಲಿ ಬಂದ ಹುಡುಗ ಕಾರು ಓಡಿಸುತ್ತಾನೆ. ಅವನ ಹತ್ತಿರ ಅಲ್ಲಿಯ ಲೈಸನ್ಸ್ ಇರುತ್ತದೆ, ಇಲ್ಲಿಯದ್ದು ಅವಧಿ ಮುಗಿದಿರುತ್ತದೆ. ಕಾರು ಯಾರಿಗಾದರೂ ತಾಗಿತೋ, ಇನ್ಶೂರೆನ್ಸಿನವರು ಲೈಸನ್ಸ್ ಇಲ್ಲದವನ ತಪ್ಪಿಗೆ ನಾವು ಯಾಕೆ ಕೊಡಬೇಕು ಎಂದು ಕೈ ಎತ್ತುತ್ತಾರೆ. ಆಗ ಮನೆಯವರು ಲೈಸನ್ಸ್ ಸರಿ ಇರುವ ಒಬ್ಬನನ್ನು ಹುಡುಕಿ, ಓಡಿಸುತ್ತಿದ್ದವನು ಇವನೇ ಎಂದು ಠಾಣೆಗೆ ಕರೆದುಕೊಂಡು ಹೋಗುತ್ತಾರೆ. ಆ ಒಬ್ಬ ಹೆಚ್ಚಾಗಿ ನಾನು. ಆಯುಷ್ಯವಿಡೀ ಪಿಕಪ್ ಓಡಿಸಿದವನು, ಲೈಸನ್ಸನ್ನು ತಪ್ಪದೆ ನವೀಕರಿಸುತ್ತಿದ್ದವನು.

ಕೋರ್ಟಿಗೆ ಹೋಗಿ ತಪ್ಪು ಒಪ್ಪಿಕೊಂಡರೆ ದಂಡ ಹಾಕುತ್ತಾರೆ. ದಂಡ ಕಾರಿನವರು ಕಟ್ಟುತ್ತಾರೆ. ದಾಖಲೆಯ ಮೇಲಿನ ಕಪ್ಪು ಚುಕ್ಕೆ ಮಾತ್ರ ನನ್ನ ಪಾಲಿಗೆ. ಒಮ್ಮೆ ಲೈಸನ್ಸನ್ನು ಕೆಲವು ತಿಂಗಳು ತಡೆಹಿಡಿದರು. ಆಗ ಬಸ್ಸಿನಲ್ಲಿ ಓಡಾಡಿದೆ, ಮತ್ತು ಅದನ್ನೊಂದು ತ್ಯಾಗ ಎಂದುಕೊಂಡೆ. ದುಡ್ಡಿನ ಆಸೆಗೆ ಮಾಡಿದ್ದಲ್ಲ. ನಮ್ಮ ಅಂಗಳಕ್ಕೆ ಎಂದೂ ಕಾಲಿಡದ ನಾರಾವಿಯ ಜೈನ ಜಮೀನ್ದಾರರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು “ನೀವು ಒಬ್ರೇ ದಾರಿ ಮಾರಾಯ್ರೆ” ಎಂದರೆ ನನ್ನಂಥವನಿಗೆ ಎದೆ ಉಬ್ಬುತ್ತದೆ. ಪೆಟ್ಟಾದವರಿಗೂ ಪರಿಹಾರ ಸಿಗುತ್ತದಲ್ಲ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ.

ಇದರಲ್ಲಿ ಒಂದು ವಿಚಿತ್ರ ಉಂಟು. ವಿಮೆ ಇರುವುದು ಗಾಡಿಗೆ, ಓಡಿಸುವವನಿಗಲ್ಲ. ಹಾಗಾಗಿ ನನ್ನ ಹಳೆಯ ಬಿಳಿ ಕಾರಿನ ಪಾಲಿಸಿಯಲ್ಲಿ ಪ್ರತಿ ವರ್ಷವೂ ಪರಿಹಾರ ಕೇಳದವರಿಗೆ ಕೊಡುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್ ಬರುತ್ತಿತ್ತು. ಲೈಸನ್ಸಿನ ಪ್ರಕಾರ ನಾನು ಜನರ ಮೇಲೆ ಹಾಯುವವನು, ಪಾಲಿಸಿಯ ಪ್ರಕಾರ ಇರುವೆಗೂ ದಾರಿ ಬಿಡುವವನು. ಪ್ರತಿ ಸಲ ನವೀಕರಣದ ಕಾಗದ ಬಂದಾಗ ಹೆಂಡತಿಗೆ ತೋರಿಸುತ್ತಿದ್ದೆ. ಅವಳು ಕನ್ನಡಕ ಹಾಕಿಕೊಳ್ಳದೆಯೇ “ಒಳ್ಳೇದು” ಎನ್ನುತ್ತಿದ್ದಳು.

ನಿಜವಾದ ಅಪಘಾತ ಆದದ್ದು ಕಳೆದ ಹಲಸಿನ ಕಾಲದಲ್ಲಿ. ಮೂಡುಬಿದಿರೆಯಲ್ಲಿರುವ ನಾದಿನಿಯ ಮನೆಯಿಂದ ಒಂದು ಹಣ್ಣು ತರುತ್ತಿದ್ದೆ. ಡಿಕ್ಕಿಯಲ್ಲಿಡಿ ಎಂದು ಹೆಂಡತಿ ಫೋನಿನಲ್ಲೇ ಹೇಳಿದ್ದಳು. ಅಲ್ಲಿ ಹಳೆ ಟಯರು, ಸೀಮೆಎಣ್ಣೆ ವಾಸನೆ. ಹಣ್ಣಿಗೆ ಹಿಡಿದೀತು ಎಂದು ಪಕ್ಕದ ಸೀಟಿನಲ್ಲಿಟ್ಟೆ. ಬಂಟ್ವಾಳದ ಕಡೆಗೆ ಬರುವ ಒಂದು ಎಡ ತಿರುವಿನಲ್ಲಿ ಅದು ಎದ್ದು ಹೊರಟಿತು. ಗೇರಿನ ಮೇಲೆ ಬಿತ್ತು, ಅಲ್ಲಿಂದ ನನ್ನ ತೊಡೆಗೆ, ತೊಡೆಯಿಂದ ಕಾಲ ಬುಡಕ್ಕೆ. ಎದುರಿನಿಂದ ಸ್ಕೂಟರಿನ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಹಾರ್ನ್ ಹೊಡೆಯುತ್ತ ನಮ್ಮ ಮೀನಿನ ಸಾಯ್ಬರು ಬರುತ್ತಿದ್ದರು. ಬ್ರೇಕ್ ತುಳಿದೆ. ನನ್ನ ಕಾಲು ಹಲಸಿನ ಹಣ್ಣಿನೊಳಗೆ ಹೋಯಿತು.

ಕಾರಿಂದ ಇಳಿದಾಗ ಒಂದು ಕಾಲಿಗೆ ಚಪ್ಪಲಿ ಇರಲಿಲ್ಲ, ತೊಳೆಗಳು ಮೆತ್ತಿದ್ದವು. ರಸ್ತೆಯ ತುಂಬ ಬಂಗುಡೆ ಮೀನು. ಸಾಯ್ಬರು ಮೋರಿಯ ಪಕ್ಕ ಕಾಲು ಹಿಡಿದುಕೊಂಡು ಬಿದ್ದಿದ್ದರು. ನನ್ನನ್ನು ನೋಡಿದವರೇ ನೋವಿನ ನಡುವೆಯೂ ಕತ್ತು ಉದ್ದ ಮಾಡಿ ಕಾರಿನೊಳಗೆ ಹುಡುಕಿದರು.

“ಓಡಿಸಿದ್ದು ಯಾರು ಅಣ್ಣೆರೆ?”

“ನಾನೇ ಸಾಯ್ಬೆರೆ.”

“ಅದಲ್ಲ. ನಿಜಕ್ಕೆ ಯಾರು?”

ಅವರನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಸೇರಿಸಿ, ಅಲ್ಲಿಂದ ನೇರವಾಗಿ ಠಾಣೆಗೆ ಹೋದೆ. ಬರೆದುಕೊಳ್ಳುವ ರೈಟರ್ ನನ್ನನ್ನು ಕಂಡದ್ದೇ ಕುರ್ಚಿ ಎಳೆದುಕೊಟ್ಟರು.

“ಬನ್ನಿ ಬನ್ನಿ. ಈ ಸಲ ಯಾರ ಮನೆಯದ್ದು?”

“ನನ್ನದೇ.”

“ಕಾರು ನಿಮ್ಮದು, ಸರಿ. ಕೂತಿದ್ದು ಯಾರು?”

“ನಾನೇ ಮಾರಾಯ್ರೆ!”

“ಆಯ್ತು ಆಯ್ತು, ಸಿಟ್ಟು ಯಾಕೆ? ಹೇಗಾಯಿತು ಹೇಳಿ.”

ಆಗ ನಾನು ಮಾಡಿದ್ದನ್ನೇ ಇಲ್ಲಿ ಮುಖ್ಯವಾಗಿ ಒಪ್ಪಿಕೊಳ್ಳಬೇಕಾಗಿದೆ. ಹಲಸಿನ ಹಣ್ಣು ಎನ್ನಲು ನಾಚಿಕೆಯಾಯಿತು. ಬಾಯಿ ತನ್ನಷ್ಟಕ್ಕೆ ತೆರೆದು, “ಒಂದು ನಾಯಿ ಅಡ್ಡ ಬಂತು, ತಪ್ಪಿಸಲು ಹೋದೆ” ಎಂದಿತು. ಹಿಂದಿನ ಎಲ್ಲ ಕೇಸುಗಳಲ್ಲೂ ಕಾರಿನವರು ಹಿಡಿಯುತ್ತಿದ್ದ ಒಬ್ಬರೇ ವಕೀಲರು ಠಾಣೆಯಲ್ಲಿ ಹೇಳಲು ನನಗೆ ಕಲಿಸಿಕೊಟ್ಟದ್ದು ಇದೇ ಮಾತು. ರೈಟರ್ ನಾನು ಹೇಳಿ ಮುಗಿಸುವ ಮೊದಲೇ ಬರೆದು ಮುಗಿಸಿದ್ದರು.

ಕೆಲವು ವಾರಗಳ ನಂತರ ವಿಮಾ ಕಂಪೆನಿಯ ಕಡೆಯಿಂದ ತನಿಖೆ ಮಾಡುವ ಒಬ್ಬ ತರುಣ ಮನೆಗೆ ಬಂದ. ಬಹಳ ವಿನಯದವನು, ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟ.

“ಅಂಕಲ್, ನಾರಾವಿಯಲ್ಲಿ ನಾಯಿ. ಚಾರ್ಮಾಡಿಯಲ್ಲಿ ನಾಯಿ. ಫರಂಗಿಪೇಟೆಯಲ್ಲಿ ನಾಯಿ. ಈಗ ಇಲ್ಲಿಯೂ ನಾಯಿ. ನಿಮ್ಮ ಹಿಂದೆಯೇ ಬರ್ತದಾ ಅದು?”

ಅವನು ಹೆಂಡತಿಯ ಕಡೆ ತಿರುಗಿದ. “ಆಂಟಿ, ಹೆದರ್ಬೇಡಿ. ಕಲಿಯುವಾಗ ಎಲ್ಲರಿಗೂ ಆಗ್ತದೆ. ಆ ದಿನ ಸ್ಟೇರಿಂಗ್ ಹಿಡಿದದ್ದು ನೀವಲ್ವಾ?”

ಆಯುಷ್ಯದಲ್ಲಿ ಸೈಕಲ್ ಕೂಡ ಮುಟ್ಟದವಳು ನನ್ನ ಹೆಂಡತಿ. ಸಿಟ್ಟಾಗುತ್ತಾಳೆ ಎಂದುಕೊಂಡೆ. ಅವಳು ಸೆರಗು ಸರಿ ಮಾಡಿಕೊಂಡು, “ನನ್ನನ್ನು ನೋಡಿದರೆ ಕಾರು ಬಿಡುವವಳ ಹಾಗೆ ಕಾಣ್ತದಾ?” ಎಂದು ಮೆಲ್ಲಗೆ ಕೇಳಿ, ಅವನಿಗೆ ಇನ್ನೊಂದು ಲೋಟ ಚಹಾ ತಂದುಕೊಟ್ಟಳು. ಅವನು ಹೋದ ಮೇಲೆ ನನ್ನ ಕಡೆ ತಿರುಗಿದಳು. “ನಾನು ಬಿಟ್ಟಿದ್ದರೆ ಹಣ್ಣು ಹಿಂದೆ ಇರ್ತಿತ್ತು.”

ಕಂಪೆನಿಯ ವಾದ ಇಷ್ಟು: ಇದು ಹೆಸರು ಕೊಟ್ಟ ಕೇಸು, ನಿಜವಾಗಿ ಓಡಿಸಿದವರಿಗೆ ಲೈಸನ್ಸ್ ಇಲ್ಲ, ಗಾಯಾಳುವೂ ಈ ಮೋಸದಲ್ಲಿ ಕೂಡಿದ್ದಾನೆ, ಆದ್ದರಿಂದ ಪರಿಹಾರ ಕೊಡಬೇಕಾಗಿಲ್ಲ. ನನಗೇನಾದರೂ ಆಗಲಿ, ಆದರೆ ಸಾಯ್ಬರ ಕಾಲಿಗೆ ಇನ್ನೊಂದು ಆಪರೇಶನ್ ಬಾಕಿ ಇತ್ತು. ಅದಾಗದೆ ಅವರು ಸ್ಕೂಟರ್ ಹತ್ತುವ ಹಾಗಿರಲಿಲ್ಲ, ಸ್ಕೂಟರ್ ಇಲ್ಲದೆ ಮೀನಿಲ್ಲ. ಮನೆ ನಡೆಯುತ್ತಿದ್ದದ್ದು ಅವರ ಹೆಂಡತಿ ಕಟ್ಟುವ ಬೀಡಿಯಿಂದ. ನನ್ನ ಕಾರು ಮಾರಿದರೂ ಆಪರೇಶನ್ನಿನ ಅರ್ಧಕ್ಕೆ ಸಾಲದು. ನೋಡಲು ಹೋದಾಗ ಅವರು ಕಾಲು ಚಾಚಿ ಬಾಗಿಲ ಬಳಿ ಕೂತಿದ್ದರು.

“ಅಣ್ಣೆರೆ, ನೀವು ಇಷ್ಟು ವರ್ಷ ಸುಳ್ಳು ಹೇಳಿದಿರಿ, ಎಲ್ಲರಿಗೂ ದುಡ್ಡು ಸಿಕ್ಕಿತು. ನನ್ನ ಪಾಲಿಗೆ ಬರುವಾಗ ನಿಜ ಮಾಡಿದಿರಿ. ನನ್ನ ಗ್ರಹಚಾರ ನೋಡಿ!”

ನಗುತ್ತಲೇ ಹೇಳಿದರು. ನಾನು ಅವರ ಮನೆಯ ಚಹಾ ಕುಡಿಯಲಾರದೆ ಎದ್ದು ಬಂದೆ.

ಸಾಯ್ಬರು ಹಾಕಿದ ಪರಿಹಾರದ ಕೇಸಿಗೆ ಕೋರ್ಟಿನಲ್ಲಿ ಕಟಕಟೆ ಹತ್ತಿ ನೋಡಿದರೆ ಕಂಪೆನಿಯ ಪರವಾಗಿ ನಿಂತಿದ್ದವರು ಅದೇ ವಕೀಲರು. ನಾಯಿಯನ್ನು ನನಗೆ ಕೊಟ್ಟವರು. ಅವರಿಗೂ ನನ್ನ ಗುರುತು ಸಿಕ್ಕಿತು. ಆದರೂ ಗಂಟಲು ಸರಿ ಮಾಡಿಕೊಂಡು ಕೇಳಿದರು.

“ಹಿಂದಿನ ಅಪಘಾತಗಳಲ್ಲಿಯೂ ಗಾಡಿ ಓಡಿಸಿದ್ದು ನೀವೇ ಅಲ್ಲವೇ?”

ಹೌದೆಂದರೆ ಕಥೆ ಹಾಗೆಯೇ ಮುಂದುವರಿಯುತ್ತಿತ್ತು. ನಾಯಿಯೂ ಉಳಿಯುತ್ತಿತ್ತು, ಅನುಮಾನವೂ ಉಳಿಯುತ್ತಿತ್ತು. “ಅಲ್ಲ,” ಎಂದೆ. “ಒಂದರಲ್ಲಿಯೂ ನಾನಿರಲಿಲ್ಲ. ಅವೆಲ್ಲ ಸುಳ್ಳು. ಈ ಕೇಸಿನಲ್ಲಿ ನಾನಿದ್ದೆ, ಆದರೆ ನಾಯಿ ಇರಲಿಲ್ಲ. ಹಲಸಿನ ಹಣ್ಣು ಇತ್ತು.”

ಕೋರ್ಟಿನಲ್ಲಿ ಯಾರೋ ಕಿಸಕ್ಕೆಂದರು. ವಕೀಲರಿಗೆ ದಾರಿ ಸಿಕ್ಕಿದಂತಾಯಿತು. “ಎಂಥ ಹಲಸು? ಬಕ್ಕೆಯೋ ತುಳುವೆಯೋ?” ಎಂದು ತಮಾಷೆಗೆ ಕೇಳಿದರು.

“ತುಳುವೆ ಸ್ವಾಮಿ. ಬಕ್ಕೆಯಾಗಿದ್ದರೆ ಗಟ್ಟಿ ಇರ್ತಿತ್ತು, ಒದ್ದು ದೂರ ಮಾಡಬಹುದಿತ್ತು. ಇದು ಕಳಿತದ್ದು. ಕಾಲು ಪಾದದ ಗಂಟಿನ ತನಕ ಒಳಗೆ ಹೋಯಿತು. ಮೇಣ ಈಗಲೂ ಬ್ರೇಕಿನ ಪೆಡಲಿಗೆ ಅಂಟಿಕೊಂಡು ಉಂಟು. ಬೇಕಾದರೆ ಕಾರು ಹೊರಗೆ ನಿಂತಿದೆ.”

ನ್ಯಾಯಾಧೀಶರು ಸಾಯ್ಬರನ್ನು ಕರೆಸಿ, ಬಿದ್ದಾಗ ಏನು ಕಂಡಿತು ಎಂದು ಕೇಳಿದರು. “ಇವರ ಒಂದು ಕಾಲು ಹಳದಿ ಇತ್ತು ಸ್ವಾಮಿ,” ಎಂದರು ಸಾಯ್ಬರು. “ನೊಣ ಮುತ್ತಿತ್ತು. ಯಾರೂ ಕೇಳ್ಲಿಲ್ಲ, ಹಾಗೆ ನಾನೂ ಹೇಳ್ಲಿಲ್ಲ.”

ನ್ಯಾಯಾಧೀಶರು ಬಹಳ ಹೊತ್ತು ಬರೆದರು. ಆಮೇಲೆ ನನ್ನನ್ನು ನೋಡಿ ಕೇಳಿದರು: “ಆ ನಾಯಿಯ ಕಥೆ ನಿಮಗೆ ಹೇಳಿಕೊಟ್ಟವರು ಯಾರು?”

ವಕೀಲರು ಫೈಲಿನೊಳಗೆ ಮುಖ ಹಾಕಿ ಇಲ್ಲದ ಹಾಳೆಯನ್ನು ಹುಡುಕುತ್ತಿದ್ದರು. ಹೆಸರು ಹೇಳಿದರೆ ಅದು ಇನ್ನೊಂದು ಕೇಸಾಗುತ್ತದೆ, ವಕೀಲರು ಬದಲಾಗುತ್ತಾರೆ, ವಿಚಾರಣೆ ಮೊದಲಿನಿಂದ ಶುರುವಾಗುತ್ತದೆ. ಬೆಂಚಿನ ಅಂಚಿನಲ್ಲಿ ಸಾಯ್ಬರು ಬಗ್ಗದ ಕಾಲನ್ನು ಮುಂದಕ್ಕೆ ಚಾಚಿ ಕೂತಿದ್ದರು.

“ಯಾರೂ ಇಲ್ಲ ಸ್ವಾಮಿ,” ಎಂದೆ. “ನನಗೇ ಹೊಳೆದದ್ದು.”

ಕಂಪೆನಿಯ ಕಡೆಯಿಂದ ಮತ್ತೊಂದು ಪ್ರಶ್ನೆ ಬರಲಿಲ್ಲ. ಪರಿಹಾರ ಕೊಡಬೇಕೆಂದು ಆದೇಶವಾಯಿತು, ಮೇಲ್ಮನವಿಯನ್ನೂ ಹಾಕಲಿಲ್ಲ. ಸಾಯ್ಬರ ಆಪರೇಶನ್ ಆಗಿದೆ. ಹಳೆಯ ಸುಳ್ಳುಗಳಿಗಾಗಿ ನನಗೆ ನೋಟಿಸು ಬಂದಿದೆ, ಬರಬೇಕಾದದ್ದೇ. ನಾರಾವಿಯ ಜಮೀನ್ದಾರರು ದಾರಿಯಲ್ಲಿ ಕಂಡರೆ ಮುಖ ತಿರುಗಿಸುತ್ತಾರೆ. ಅವೆಲ್ಲ ಸಹಿಸಬಹುದು. ಪ್ರಮಾಣ ಮಾಡಿ ನಿಜ ಹೇಳಿದ ಆ ಒಂದೇ ದಿನದಲ್ಲಿಯೂ ಕೊನೆಯ ಮಾತು ಸುಳ್ಳಾಯಿತಲ್ಲ, ಅದನ್ನು ಯಾರಿಗೆ ಒಪ್ಪಿಸಬೇಕೆಂದು ತಿಳಿಯದೆ ಇಲ್ಲಿ ಬರೆದಿದ್ದೇನೆ. ಸಾಯ್ಬರು ಮಾತ್ರ ಈಗ ನಮ್ಮ ಬೀದಿಗೆ ಬಂದಾಗ ಹಾರ್ನನ್ನು ಎರಡು ಪಟ್ಟು ಉದ್ದ ಹೊಡೆಯುತ್ತಾರೆ. ಮೀನು ಬಂತೆಂದು ತಿಳಿಸಲೋ, ನಾನು ದಾರಿಯಲ್ಲಿದ್ದರೆ ಬದಿಗೆ ಸರಿಯಲೆಂದೋ, ಇನ್ನೂ ಕೇಳಿಲ್ಲ.