ಚಂದ್ರನಿಗೆ ಗಾಡಿ ಹೂಡಿದವರು

ರೋಣದ ಸರಕಾರಿ ಕನ್ನಡ ಶಾಲೆಗೆ ಮಾಸ್ತರನಾಗಿ ಬಂದಾಗ ನನಗೆ ಇಪ್ಪತ್ತೆರಡು ವರ್ಷ. ಶಾಲೆ ಎಂದರೆ ಚಾವಡಿಯ ಪಕ್ಕದ ಒಂದು ಉದ್ದ ಪಡಸಾಲೆ. ಗೋಡೆ ಮೂರೇ ಕಡೆ, ನಾಲ್ಕನೆಯ ಕಡೆ ಬೀದಿ. ನಾನು ಹೇಳಿದ್ದೆಲ್ಲ ಬೀದಿಗೆ ಕೇಳುತ್ತಿತ್ತು. ಬೀದಿಯ ದನ, ಗಾಡಿ, ಜಗಳ ಎಲ್ಲವೂ ನನ್ನ ಪಾಠದೊಳಗೆ ಬರುತ್ತಿದ್ದವು.

ಜೋಳ ಕೊಯ್ಲಿಗೆ ಬಂದಿದ್ದ ದಿನಗಳು. ಭೂಮಿ ಗುಂಡಗಿದೆ, ಆಧಾರವಿಲ್ಲದೆ ಆಕಾಶದಲ್ಲಿ ತಿರುಗುತ್ತದೆ ಎಂಬ ಪಾಠವನ್ನು ಮೂರು ದಿನದಿಂದ ಹೇಳುತ್ತಿದ್ದೆ. ಆ ಮೂರೂ ದಿನ ಬೀದಿಯಲ್ಲಿ ಒಬ್ಬ ಮನುಷ್ಯ ಕಂಬಳಿ ಹೊದ್ದು ನಿಂತಿರುತ್ತಿದ್ದ. ನಲವತ್ತರ ಆಸುಪಾಸು, ತೆಳ್ಳಗಿನ ಮೈ, ಬೆರಳ ತುದಿಗಳಲ್ಲಿ ನೀಲಿ ಬಣ್ಣ. ಭಿಕ್ಷೆಗೆ ಬಂದವನೆಂದುಕೊಂಡೆ.

"ಏನ್ ಬೇಕಾಗಿತ್ತಪಾ ನಿನಗ?" ಎಂದೆ.

"ಏನೂ ಬ್ಯಾಡ್ರಿ ಮಾಸ್ತರ. ಒಂದು ಮಾತು ಕೇಳೂದೈತಿ. ಚಂದ್ರನ ಮ್ಯಾಲ ನಿಂತು ನೋಡಿದ್ರ ನಾವು ಹ್ಯಾಂಗ ಕಾಣ್ತೀವ್ರಿ?"

ನನ್ನ ಪುಸ್ತಕದಲ್ಲಿ ಆ ಪ್ರಶ್ನೆ ಇರಲಿಲ್ಲ, ಉತ್ತರವೂ ಇರಲಿಲ್ಲ. "ಅಲ್ಲಿದ್ದವರಿಗೆ ನಾವ ಚಂದ್ರ ಆಗಿರಬೇಕು. ಭೂಮಿ ದೊಡ್ಡದು ನೋಡು, ಇದಕ್ಕಿಂತ ನಾಕು ಪಟ್ಟು ಅಗಲ ಕಾಣಸ್ತದ" ಎಂದೆ. ಆತ ತಲೆಯೆತ್ತಿ ಬರಿಯ ಹಗಲಿನ ಆಕಾಶವನ್ನು ನೋಡಿದ. ಮುಖದ ಮೇಲೆ ಬಂದ ನಗು ಎಷ್ಟು ಹೊತ್ತಾದರೂ ಹೋಗಲಿಲ್ಲ.

ಕಂಬಳಿ ಹೊದ್ದು ಬಂದ ಆ ಮನುಷ್ಯರು ಇಟಗಿಯ ಕಡೆಯ ತೊಗಲುಗೊಂಬೆ ಆಟದವರು. ಬಿಳಿ ಪರದೆಯ ಹಿಂದೆ ದೀಪವಿಟ್ಟು, ಆಡಿನ ತೊಗಲಿನಿಂದ ಕತ್ತರಿಸಿದ ಬಣ್ಣದ ಗೊಂಬೆಗಳನ್ನು ಪರದೆಗೆ ಒತ್ತಿ ಹಿಡಿದು ರಾಮಾಯಣ ಆಡುವುದು ಮನೆತನದ ಕೆಲಸ. ಅವರ ಅಣ್ಣ ಮದ್ದಳೆ ಬಾರಿಸಿ ಹಾಡುತ್ತಿದ್ದ, ಇವರು ಗೊಂಬೆ ಆಡಿಸುತ್ತಿದ್ದರು, ಇವರ ಹೆಂಡತಿ ಹೆಣ್ಣು ಪಾತ್ರಗಳ ಮಾತು ಹೇಳುತ್ತಿದ್ದಳು. ಮಳೆ ತಡವಾದರೆ ಊರಿನವರು ಕರೆಸಿ ಆಡಿಸುತ್ತಿದ್ದರು, ಜೋಳ ಅಳೆದು ಕೊಡುತ್ತಿದ್ದರು.

ಆಮೇಲೆ ಅವರು ವಾರಕ್ಕೊಮ್ಮೆಯಾದರೂ ಬರತೊಡಗಿದರು. ಮುಂಬಯಿಯಲ್ಲಿ ಕಬ್ಬಿಣದ ದಾರಿ ಹಾಕಿದ್ದಾರೆ, ಅದರ ಮೇಲೆ ಉಗಿಯಿಂದ ಗಾಡಿ ಓಡುತ್ತದೆ ಎಂಬ ಸುದ್ದಿಯನ್ನು ನಾನು ಓದಿ ಹೇಳಿದ ದಿನ ಅವರು ಕುಳಿತಲ್ಲಿ ಕೂಡಲಾರದೆ ಎದ್ದುನಿಂತರು.

"ಎತ್ತಿಲ್ಲದ ಗಾಡಿ ನೆಲದ ಮ್ಯಾಲ ಓಡ್ತೈತಿ ಅಂದ್ರ ಮ್ಯಾಲಕ್ಕ ಯಾಕ ಓಡಬಾರದ್ರಿ?"

"ಮ್ಯಾಲ ದಾರಿ ಎಲ್ಲೈತಿ?"

"ಮುಂಬೈದಾಗರ ಮೊದಲ ಎಲ್ಲಿತ್ತು? ಹಾಕಿದ್ರು, ಆತು."

ಎರಡು ತಿಂಗಳ ಮೇಲೆ ಹಳ್ಳದ ದಂಡೆಯ ಅವರ ಬಿಡಾರಕ್ಕೆ ಹೋದೆ. ಹೆಂಡತಿ ತೊಗಲು ಹೆರೆಯುತ್ತಿದ್ದಳು, ಅವರು ಉಳಿ ಹಿಡಿದು ಸಣ್ಣ ಸಣ್ಣ ತೂತು ಕೊರೆಯುತ್ತಿದ್ದರು. ಬೆಂಕಿಯ ಗಾಡಿಯ ಗೊಂಬೆ ತಯಾರಾಗಿತ್ತು. ಒಬ್ಬ ರೈತ, ಅವನ ಹೆಂಡತಿ ಆಗಿದ್ದರು. ಪಕ್ಕದಲ್ಲಿ ಮೊರದಷ್ಟು ಅಗಲದ ಒಂದು ದುಂಡು ತೊಗಲು. ಅದರ ತುಂಬ ನೀಲಿ, ನಡುನಡುವೆ ಎರೆಮಣ್ಣಿನ ಕಪ್ಪು. ಭೂಮಿಯ ಮೇಲೆ ನೆಲಕ್ಕಿಂತ ನೀರೇ ಹೆಚ್ಚು ಎಂದು ಎಂದೋ ಹೇಳಿದ್ದೆ. ಮರೆತಿರಲಿಲ್ಲ.

"ರಾಮಗ ಒಂದ ಚಿಪ್ಪು ನೀಲಿ ಸಾಕಾಕ್ಕಿತ್ರಿ ಮಾಸ್ತರ" ಎಂದಳು ಹೆಂಡತಿ. "ಇವರ ಭೂಮಿ ನನ್ನ ಗಡಗಿ ಪೂರಾ ಕುಡದು ಕುಂತು. ಇನ್ನ ರಾಮ ಬಂದ್ರ ಬೆಳ್ಳಗ ಬರಬೇಕು."

ಮೊದಲ ಆಟ ಅಸೂಟಿಯಲ್ಲಿ. ಕತೆ ಸರಳ. ಸಿಹಿನೀರಿನ ಬಾವಿ ಹುಡುಕುತ್ತ ಗಂಡಹೆಂಡತಿ ಬೆಂಕಿಗಾಡಿ ಹೂಡಿ ಚಂದ್ರನಿಗೆ ಹೋಗುತ್ತಾರೆ. ಅಲ್ಲೊಬ್ಬ ಮುದುಕಿ ಮೊಮ್ಮಗಳಿಗೆ ಆಕಾಶದ ಭೂಮಿಯನ್ನು ತೋರಿಸಿ, ಅದರಲ್ಲಿ ಮೊಲ ಇದೆ ಎಂದು ಹೇಳುತ್ತಿರುತ್ತಾಳೆ. ಜನ ರಾಮಾಯಣವೆಂದೇ ಬಂದು ಕೂತಿದ್ದರು. ಗಾಡಿ ಮೇಲೇರುತ್ತಲೇ ಒಬ್ಬ ಹಿರಿಯ ಗೌಡರು ಎದ್ದು ನಿಂತರು.

"ರಾಮ ಎಲ್ಲಿದಾನೋ?"

ಪರದೆಯ ಹಿಂದಿನಿಂದ ಉತ್ತರ ಬಂತು: "ಅದು ಹಿಂದ ಆಗಿದ್ದರಿ ಗೌಡ್ರ. ಇದು ಮುಂದ ಆಗೂದು."

"ಮುಂದ ಆಗೂದು ನಿನಗ ಹ್ಯಾಂಗ ಗೊತ್ತೋ?"

"ಗೊತ್ತಿಲ್ರೀ. ಅದಕ್ಕ ಆಡಾಕ ಹತ್ತೀನಿ."

ಗೌಡರು ಹೊರಟರು. ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಕೊನೆಗೆ ನಾನು, ಒಬ್ಬ ಕಿವುಡ ಅಜ್ಜ, ಇಬ್ಬರೇ ಉಳಿದೆವು. ಅವರು ಆಟ ನಿಲ್ಲಿಸಲಿಲ್ಲ. ಮುದುಕಿಯ ಮಾತಿನವರೆಗೂ, ಗಂಡಹೆಂಡತಿ ಮರಳಿ ಊರಿಗೆ ಇಳಿಯುವವರೆಗೂ ಪೂರ್ತಿ ಆಡಿದರು.

ಮರುದಿನ ಬೆಳಿಗ್ಗೆ ಅಣ್ಣ ಮದ್ದಳೆ ಹೆಗಲಿಗೆ ಹಾಕಿಕೊಂಡ. ರಾಮ, ಸೀತೆ, ಹನುಮಂತರ ಗೊಂಬೆಗಳಿದ್ದ ಬುಟ್ಟಿಯನ್ನೂ ತಲೆಯ ಮೇಲೆ ಹೊತ್ತ. "ದೇವರನ್ನ ಬಿಟ್ಟು ಗಾಡಿ ಆಡಸ್ತಿ. ಆಡಸು. ದೇವರು ನನ್ನ ಕೂಡ ಬರ್ತಾರ" ಎಂದು ಹೇಳಿ ಇಟಗಿಯ ದಾರಿ ಹಿಡಿದ. ತಮ್ಮ ತಡೆಯಲಿಲ್ಲ. ಆ ಬುಟ್ಟಿ ಹೋದರೆ ಯಾವ ಊರೂ ಕರೆಯುವುದಿಲ್ಲ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಇನ್ನೇನ್ ಮಾಡ್ತೀರಿ ನೀವು?" ಎಂದು ಕೇಳಿದೆ. ಕೇಳಿದ ಮೇಲೆಯೇ ಗಮನಕ್ಕೆ ಬಂದದ್ದು: ಅಲ್ಲಿಯವರೆಗೆ ಅವರನ್ನು 'ನೀನು' ಎನ್ನುತ್ತಿದ್ದೆ. ಅವರಿಗೂ ಗೊತ್ತಾಯಿತು. ಏನೂ ಆಗಿಲ್ಲವೆಂಬಂತೆ ಉಳಿ ಮಸೆಯುತ್ತ, "ಭೂಮಿ ಸಣ್ಣದಾತ್ರಿ. ಅದನ್ನ ಸರಿ ಮಾಡಬೇಕು" ಎಂದರು.

ಆ ಇಡೀ ಬೇಸಿಗೆ ಗಂಡಹೆಂಡತಿ ಸುಗ್ಗಿಯ ಕಣಗಳಲ್ಲಿ ಕೂಲಿ ಮಾಡಿದರು. ಸಂಜೆ ಬಿಡಾರದಲ್ಲಿ ಪ್ರಯೋಗ. ಗೊಂಬೆಯನ್ನು ಪರದೆಗೆ ಒತ್ತಿಯೇ ಹಿಡಿಯಬೇಕೆಂದು ಅವರ ಅಪ್ಪ, ಅಜ್ಜ ಎಲ್ಲರೂ ಕಲಿಸಿದ್ದರು. ಇವರು ದುಂಡು ತೊಗಲನ್ನು ಪರದೆಯಿಂದ ಬಿಡಿಸಿ, ಮೆಲ್ಲಗೆ ಹಿಂದಕ್ಕೆ, ಔಡಲೆಣ್ಣೆಯ ದೀಪದ ಕಡೆಗೆ ತಂದು ನೋಡಿದರು. ನೆರಳು ಬೆಳೆಯಿತು. ಇನ್ನಷ್ಟು ತಂದರೆ ಇನ್ನಷ್ಟು. ಎಲ್ಲಿಗೆ ತಂದರೆ ಅಂಚು ಮಸುಕಾಗುತ್ತದೆ, ಬತ್ತಿ ಎಷ್ಟು ಸಣ್ಣದಿದ್ದರೆ ಗೆರೆ ನಿಲ್ಲುತ್ತದೆ ಎಂಬುದನ್ನೆಲ್ಲ ಗೇಣು ಹಾಕಿ ಅಳೆದಿಟ್ಟರು. ಮದ್ದಳೆ ಇಲ್ಲದ್ದಕ್ಕೆ ಹೆಂಡತಿ ಒಣಗಿದ ಸೋರೆಬುರುಡೆಯಲ್ಲಿ ಜೋಳ ತುಂಬಿ ಅಲುಗಾಡಿಸಿದಳು. ಉಗಿಗಾಡಿಯ ಸದ್ದು ನಾನು ಕೇಳಿದವನಲ್ಲ, ಆದರೂ ಹಾಗೆಯೇ ಇದ್ದೀತು ಅನ್ನಿಸಿತು.

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಅವರಿಗೆ ಜಾಗ ಸಿಕ್ಕಿತು. ಯಾರೂ ಕರೆದಿರಲಿಲ್ಲ. ಸಂತೆಯ ಹಿಂದಿನ ಸಂಜೆ ತಾವಾಗಿಯೇ ಹೋಗಿ, "ಇದು ರಾಮಾಯಣ ಅಲ್ರೀ, ಬ್ಯಾಡಾದವರು ಈಗ ಏಳ್ರಿ" ಎಂದು ಮೊದಲೇ ಹೇಳಿದರು. ಕುತೂಹಲಕ್ಕೆ ಒಬ್ಬರೂ ಏಳಲಿಲ್ಲ. ಗಾಡಿ ಏರಿತು. ಚಂದ್ರನ ಮುದುಕಿ, "ಅಕೋ ನೋಡವ್ವ ನಮ್ಮ ಚಂದ್ರ" ಎಂದು ಕೈ ಎತ್ತಿದಳು. ಪರದೆಯ ಮೂಲೆಯಲ್ಲಿ ಮೊರದಷ್ಟಿದ್ದ ನೀಲಿ ಬೆಳೆಯತೊಡಗಿತು. ಗಾಡಿಯ ಗಾಲಿಯಾಯಿತು, ಪರದೆ ತುಂಬಿತು, ಮುಂದೆ ಕೂತವರ ಮುಖದ ಮೇಲೂ ಅದರ ಬಣ್ಣ ಬಿತ್ತು. ಮಗ್ಗದ ಸದ್ದು ಎಂದೂ ನಿಲ್ಲದ ಆ ಓಣಿಯಲ್ಲಿ ಒಂದು ಕೆಮ್ಮೂ ಕೇಳಲಿಲ್ಲ.

ಆಗ ಪರದೆಯ ರೈತ ಹೆಂಡತಿಯನ್ನು ಕೇಳಿದ: "ಇದರಾಗ ನಮ್ಮೂರು ಯಾವುದು?"

"ಕಾಣವಲ್ದು."

"ನಮ್ಮ ಹೊಲದ ಬದುವು?"

"ಅದೂ ಕಾಣವಲ್ದು."

ಒಬ್ಬ ನೇಕಾರರ ಮುದುಕಿ ಕೂತಲ್ಲಿಂದಲೇ ಎರಡೂ ಕೈ ಜೋಡಿಸಿದಳು. "ಅದು ನಾವೇನೋ ಯಪ್ಪಾ?" ಎಂದು ಪರದೆಯನ್ನೇ ಕೇಳಿದಳು.

"ನಾವಽ ಯವ್ವಾ" ಎಂದರು ಅವರು. ಆ ಸಂಜೆ ಅದೇ ಆಟವನ್ನು ಎರಡು ಸಲ ಆಡಬೇಕಾಯಿತು.

ಮುಂದಿನ ಎರಡು ವರ್ಷ ಅವರು ಲಕ್ಕಲಕಟ್ಟಿ, ರೋಣ, ಸುತ್ತಣ ಹಳ್ಳಿಗಳಲ್ಲಿ ಆಡಿದರು. ಒಂದು ಸಲದಂತೆ ಇನ್ನೊಂದು ಸಲ ಇರುತ್ತಿರಲಿಲ್ಲ. ದೂರದರ್ಶಕ ಎಂಬ ಕೊಳವೆಯಿಂದ ಚಂದ್ರನ ಗುಡ್ಡಗಳನ್ನು ನೋಡುತ್ತಾರೆ ಎಂದು ಹೇಳಿದೆ. ಹದಿನೈದು ದಿನದಲ್ಲಿ ಉದ್ದ ಕೊಳವೆ ಹಿಡಿದು ಆಕಾಶ ನೋಡುವ ಒಬ್ಬ ಪಂಡಿತ ತಯಾರಾದ. ನಾನು ಪುಸ್ತಕದ ಒಂದು ಸಾಲು ಕೊಟ್ಟರೆ ಅವರು ಒಂದು ಲೋಕ ಮಾಡಿ ತೋರಿಸುತ್ತಿದ್ದರು. ಯಾರ ಆಸರೆಯೂ ಬೇಡ ಎಂದಿದ್ದರು. ಒಬ್ಬ ದೊಡ್ಡ ವ್ಯಾಪಾರಸ್ಥರು ವರ್ಷವಿಡೀ ಜೋಳ ಕೊಡುತ್ತೇನೆ, ಕತೆಯಲ್ಲಿ ನಮ್ಮ ಮನೆತನದ ಹೊಗಳಿಕೆ ಇರಲಿ ಎಂದಾಗ, "ಚಂದ್ರನ ಮಂದಿಗೆ ನಿಮ್ಮ ಹೆಸರು ಗೊತ್ತಿಲ್ರೀ" ಎಂದು ಕೈ ಮುಗಿದು ಬಂದರು.

ನರಗುಂದದಲ್ಲಿ ಬಂಡಾಯವೆದ್ದು ಅಡಗಿದ ವರ್ಷ ಅದು. ಊರೂರಿನಲ್ಲಿ ಕುಂಪಣಿ ಸರಕಾರದ ಸಿಪಾಯಿಗಳು ಬಚ್ಚಿಟ್ಟ ಆಯುಧ ಹುಡುಕುತ್ತಿದ್ದರು. ಶಾಲೆ ಮುಚ್ಚಿತ್ತು. ನರಗುಂದದವರಿಗೆ ಆಟ ತೋರಿಸಬೇಕೆಂದು ಅವರು ಹಟ ಹಿಡಿದಾಗ ನಾನೂ ಜೊತೆಗೆ ಹೊರಟೆ. ನರಗುಂದದ ಗುಡ್ಡ ಕಣ್ಣಿಗೆ ಬೀಳುವಷ್ಟರಲ್ಲಿ ಸಿಪಾಯಿಗಳ ಒಂದು ತುಕಡಿ ತಡೆದು ಪೆಟ್ಟಿಗೆ ಬಿಚ್ಚಿಸಿತು. ಮೇಲೆಯೇ ಇದ್ದದ್ದು ಕೊಳವೆಯ ಪಂಡಿತ. ತುಕಡಿಯ ಸುಬೇದಾರ ಅದನ್ನು ಬಿಸಿಲಿಗೆ ಹಿಡಿದು, "ಇದು ತೋಪು" ಎಂದ. ಬೆಂಕಿಗಾಡಿ ನೋಡಿದ ಮೇಲಂತೂ ಅವನ ಸಂಶಯ ಗಟ್ಟಿಯಾಯಿತು. ನನ್ನ ಅರೆಬರೆ ಹಿಂದುಸ್ತಾನಿ ಕೆಲಸಕ್ಕೆ ಬರಲಿಲ್ಲ.

"ಸುಮ್ಮನಿರ್ರಿ ಮಾಸ್ತರ. ಹೇಳಿದ್ರ ತಿಳಿಯಾಂಗಿಲ್ಲ. ತೋರಸ್ತೀನಿ" ಎಂದರು.

ಎರಡು ಬೇವಿನ ಮರಗಳ ನಡುವೆ ಧೋತರ ಕಟ್ಟಿದರು. ಸೂರ್ಯ ಇಳಿಯುತ್ತಿದ್ದ, ಅವನೇ ದೀಪ. ಸಿಪಾಯಿಗಳನ್ನು ಮೂಡಣ ಕಡೆ ಕೂರಿಸಿದರು. ಸೂರ್ಯನ ಬೆಳಕಿನಲ್ಲಿ ಎಷ್ಟು ಹಿಂದಕ್ಕೆ ತಂದರೂ ಭೂಮಿ ದೊಡ್ಡದಾಗುವುದಿಲ್ಲ ಎಂದು ಅವರಿಗೆ ಕೂಡಲೇ ತಿಳಿಯಿತು. ಹೆಂಡತಿಯ ಕಡೆ ನೋಡಿ, "ಕೆಳಗಿಂದ ಏರಿಸು" ಎಂದರು. ಆಕೆ ದುಂಡು ತೊಗಲನ್ನು ಪರದೆಯ ಕೆಳ ಅಂಚಿನಿಂದ ಮೆಲ್ಲಗೆ, ಬಹಳ ಮೆಲ್ಲಗೆ ಮೇಲೆತ್ತಿದಳು. ಚಂದ್ರನ ಗುಡ್ಡಗಳ ಹಿಂದಿನಿಂದ ಭೂಮಿ ಹುಟ್ಟಿತು. ನಾನು ನೋಡಿದ ಅಷ್ಟೂ ಆಟಗಳಲ್ಲಿ ಅಷ್ಟು ಚೆಲುವಾದದ್ದು ಇನ್ನೊಂದಿಲ್ಲ.

ಉತ್ತರದ ಸೀಮೆಯ ಒಬ್ಬ ಎಳೆಯ ಸಿಪಾಯಿ ಏನೋ ಕೇಳಿದ. ತನ್ನ ಊರು ಅದರಲ್ಲಿ ಇದೆಯೇ ಎಂದು ಕೇಳುತ್ತಿದ್ದಾನೆಂದು ನಾನು ಕನ್ನಡದಲ್ಲಿ ಹೇಳಿದೆ. "ಎಲ್ಲಾರ ಊರೂ ಐತಿ ಅಂತ ಹೇಳ್ರಿ" ಎಂದರು ಅವರು. ಆ ಸಿಪಾಯಿ ಮುಖ ತಿರುಗಿಸಿಕೊಂಡ.

ಸುಬೇದಾರ ಎಲ್ಲವನ್ನೂ ಮರಳಿ ಕೊಟ್ಟ. ಆದರೆ ಆ ಕೊಳವೆ ಮಾತ್ರ ಬೇಡ, ಮುಂದಿನ ಪಹರೆಯವರು ಇಷ್ಟು ಕೇಳುವುದಿಲ್ಲ ಎಂದ. ಅವರು ಉಳಿ ತೆಗೆದು ತಾವೇ ಕೊಳವೆಯನ್ನು ಕತ್ತರಿಸಿದರು. ಹಣೆಯ ಬಳಿ ಬರಿಗೈ ಎತ್ತಿಕೊಂಡ ಪಂಡಿತ ಉಳಿದ. "ಕಣ್ಣು ಸಾಕ್ರಿ ಇವಗ" ಎಂದರು. ಅಷ್ಟು ಹೊತ್ತು ಗಟ್ಟಿಯಾಗಿದ್ದವರು, ಪೆಟ್ಟಿಗೆ ಮುಚ್ಚುವಾಗ ಅತ್ತರು.

ನರಗುಂದದಲ್ಲಿ ಆಟ ನಡೆದದ್ದು ಮಳೆ ಹಿಡಿದ ಮೇಲೆ, ಒಂದು ಮನೆಯ ಅಂಗಳದಲ್ಲಿ. ಹೆಂಗಸರೇ ಹೆಚ್ಚು. ಮುಗಿದ ಮೇಲೆ ಒಬ್ಬಾಕೆ ಕೇಳಿದಳು: "ಅಲ್ಲಿ ಸಿಪಾಯಿಗೋಳು ಅದಾರೇನು?"

"ಇಲ್ಲವ್ವ. ನಾ ಮಾಡಿಲ್ಲ."

"ಮಾಡಬ್ಯಾಡ್ರಿ" ಎಂದಳು.

ಅದೇ ವರ್ಷ ದಸರೆಯ ಹೊತ್ತಿಗೆ ಪಡುವಣದಲ್ಲಿ ಬಾಲದ ಚುಕ್ಕಿ ಕಾಣಿಸಿತು. ಒಂದು ಗಲಭೆ ಮುಗಿದ ಬೆನ್ನಿಗೆ ಇನ್ನೇನು ಕಾದಿದೆಯೋ ಎಂದು ರೋಣದ ಜನ ಹೊತ್ತು ಮುಳುಗುವ ಮುಂಚೆ ಕದ ಹಾಕಿಕೊಳ್ಳತೊಡಗಿದರು. ಗೊಂಬೆಯವರು ನನ್ನ ಹತ್ತಿರ ಬಂದು ಅದೇನೆಂದು ಕೇಳಿದರು. ದೂರದಿಂದ ಬಂದು ಸೂರ್ಯನನ್ನು ಸುತ್ತಿಕೊಂಡು ಹೋಗುವುದು, ನಮಗೇನೂ ಮಾಡುವುದಿಲ್ಲ ಎಂದೆ. ನಾಲ್ಕೇ ದಿನದಲ್ಲಿ ಹೊಸ ಆಟ; ಹೊಸದೆಂಬ ಆಸೆಗೆ ಕೆಲವರು ಕದ ತೆರೆದು ಬಂದರು. ಅದರಲ್ಲಿ ಚುಕ್ಕಿ ಒಬ್ಬ ಹೆಣ್ಣುಮಗಳು. ಉದ್ದ ಕೂದಲು ಬಿಟ್ಟುಕೊಂಡು ತವರಿಗೆ ಹೊರಟಿದ್ದಾಳೆ. ದಾರಿಯಲ್ಲಿ ನಮ್ಮೂರು ಕಂಡು, "ಯಾಕ ಎಲ್ಲಾರೂ ಬಾಗಲಾ ಹಾಕ್ಕೊಂಡಾರ? ನಾ ಏನ್ ಬೇಡಾಕ ಬಂದೇನಿ?" ಎನ್ನುತ್ತಾಳೆ. ಆ ಮಾತಿಗೆ ಚಾವಡಿಯ ಮುಂದೆ ಕೂತ ಜನ ಗೊಳ್ಳೆಂದು ನಕ್ಕರು. ನಗುವಿನ ನಡುವೆ ಪರದೆಯ ಹಿಂದೆ ಮದ್ದಳೆಯ ಸದ್ದು ಕೇಳಿತು. ಇಟಗಿಯಿಂದ ಬಂದು ಜನರ ನಡುವೆ ಕೂತಿದ್ದ ಅಣ್ಣ ಗುಂಪಿನಿಂದ ಎದ್ದು ಹೋಗಿ ತನ್ನ ಹಳೆಯ ಜಾಗದಲ್ಲಿ ಕೂತಿದ್ದ. ತಮ್ಮ ತಿರುಗಿ ನೋಡಲಿಲ್ಲ, ಆಟ ನಡೆದಿತ್ತು. ಆದರೆ ಪರದೆಯ ಮೇಲೆ ಆ ಹೆಣ್ಣುಮಗಳ ನಡಿಗೆ ತಾಳಕ್ಕೆ ಹೊಂದಿಕೊಂಡಿತು.

ಆಟ ಮುಗಿಸಿ ಅವರು ಪರದೆ ಬಿಚ್ಚಿದರು. ಹಿಂದೆ, ಪಡುವಣದ ಆಕಾಶದಲ್ಲಿ, ನಿಜವಾದ ಚುಕ್ಕಿ ಬಾಲ ಚೆಲ್ಲಿಕೊಂಡು ನಿಂತಿತ್ತು. ಜಾಗವನ್ನು ಅವರು ಎಣಿಸಿಯೇ ಆರಿಸಿದ್ದರು. ಯಾರೂ ಓಡಲಿಲ್ಲ. ಮನೆಯಲ್ಲಿ ಉಳಿದಿದ್ದವರನ್ನೂ ಕರೆತರಲು ಕೆಲವರು ಹೋದರು.

ಮರುವರ್ಷ ನನಗೆ ಧಾರವಾಡದ ಕಡೆಗೆ ವರ್ಗವಾಯಿತು. ಬೀಳ್ಕೊಡಲು ಬಂದಾಗ ಅವರು, "ಹೊಸಾದೇನರ ಓದಿದ್ರ ಕಾಗದ ಬರೀರಿ ಮಾಸ್ತರ. ಯಾರ ಕಡೆಯಿಂದರ ಓದಿಸ್ಕೊಂತೀನಿ" ಎಂದರು. ಇಪ್ಪತ್ತು ವರ್ಷ ಬರೆದೆ. ಗ್ರಹಗಳ ಬಗ್ಗೆ, ಮಂಜುಗಡ್ಡೆಯ ಸೀಮೆಗಳ ಬಗ್ಗೆ, ತಂತಿಯಲ್ಲಿ ಓಡುವ ಸುದ್ದಿಯ ಬಗ್ಗೆ. ಪ್ರತಿ ಕಾಗದಕ್ಕೂ ಬೇರೊಬ್ಬರ ಅಕ್ಷರದಲ್ಲಿ ಉತ್ತರ ಬರುತ್ತಿತ್ತು, ಅದರಲ್ಲಿ ಉತ್ತರಕ್ಕಿಂತ ಪ್ರಶ್ನೆಗಳೇ ಹೆಚ್ಚಿರುತ್ತಿದ್ದವು. ಕೊನೆಯ ಕಾಗದದಲ್ಲಿ, ಕೈ ನಡುಗುತ್ತದೆ, ಈಗ ಹೆಂಡತಿ ಗೊಂಬೆ ಆಡಿಸುತ್ತಾಳೆ, ನಾನು ಮುಂದೆ ಕೂತು ನೋಡುತ್ತೇನೆ, ಇಷ್ಟು ಚಲೋ ಕಾಣಿಸುತ್ತದೆಂದು ನನಗೆ ಗೊತ್ತೇ ಇರಲಿಲ್ಲ ಎಂದು ಬರೆಸಿದ್ದರು.